ಗಾಳಿ ಬರುವ ಮೊದಲೇ ಕಣ ಸಿದ್ಧವಿರಲಿ



ನವೋದ್ಯಮವೊಂದು ಷೇರುಪೇಟೆಗೆ ಸಿದ್ಧವಾಗುವುದು ಹೇಗೆ ಎಂಬ ಪ್ರಶ್ನೆ ಹಿಡಿದು ನಾವಿಂದು ಸೇರಿದ್ದೇವೆ. ಮರ್ಚೆಂಟ್ ಬ್ಯಾಂಕರನ್ನು ಗೊತ್ತುಮಾಡಿದ ದಿನವೇ ಸಿದ್ಧತೆ ಶುರುವಾಯಿತೆಂದು ಹಲವರು ಎಣಿಸುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ ಎಂಬುದು ನನ್ನ ವಾದ. ಜನರ ಹಣ ಕೇಳಲು ಹೊರಡುವ ಕಂಪನಿ ಅದಕ್ಕೂ ಮೊದಲು ಎರಡು ವರ್ಷ, ಅಂದರೆ ಎಂಟು ತ್ರೈಮಾಸಿಕ, ಪಟ್ಟಿಯಾದ ಕಂಪನಿಯ ಶಿಸ್ತಿನಲ್ಲಿ ಬದುಕಿ ನೋಡಬೇಕು.

ಆ ಶಿಸ್ತಿನಲ್ಲಿ ಏನೇನಿದೆ? ಪಟ್ಟಿಯಾದ ಮೇಲೆ ತ್ರೈಮಾಸಿಕ ಮುಗಿದ 45 ದಿನಗಳೊಳಗೆ, ವರ್ಷದ ಲೆಕ್ಕವಾದರೆ 60 ದಿನಗಳೊಳಗೆ ಫಲಿತಾಂಶ ಪ್ರಕಟಿಸಬೇಕು. ತಿಂಗಳುಗಟ್ಟಲೆ ಲೆಕ್ಕ ಎಳೆದು ರೂಢಿಯಾದ ಕಚೇರಿಗೆ ಈ ವೇಗ ಒಮ್ಮೆಲೇ ಬಾರದು. ಸ್ಥಾಪಕರ ಮಾತನ್ನು ಸ್ವತಂತ್ರ ನಿರ್ದೇಶಕರು ಪ್ರಶ್ನಿಸಬೇಕಾದರೆ ಅವರಿಗೆ ಕಂಪನಿಯ ಒಳಹೊರಗು ತಿಳಿದಿರಬೇಕು; ಅದಕ್ಕೂ ಕಾಲ ಬೇಕು. ಖಾಸಗಿ ಹೂಡಿಕೆದಾರರ ಆದ್ಯತಾ ಷೇರುಗಳು ಸಾಮಾನ್ಯ ಷೇರುಗಳಾಗಬೇಕು, ಅವರ ವಿಶೇಷ ಹಕ್ಕುಗಳು ಮುಗಿಯಬೇಕು. ಹಿಂದಿನ ಮೂರು ವರ್ಷಗಳಲ್ಲಿ ಅವರಿಗೆ ತೋರಿಸಿದ ಮುಖ್ಯ ಸೂಚಕಗಳನ್ನು ಪ್ರಾಸ್ಪೆಕ್ಟಸ್‌ನಲ್ಲೂ ಕೊಡಬೇಕೆಂದು ಷೇರುಪೇಟೆ ನಿಯಂತ್ರಕ ಸೆಬಿ 2022ರಲ್ಲಿ ವಿಧಿಸಿತು. ‘ಸಕ್ರಿಯ ಗ್ರಾಹಕ’ ಎಂಬ ಪದಕ್ಕೆ ಬಂಡವಾಳದ ಪ್ರತಿ ಸುತ್ತಿನಲ್ಲೂ ಬೇರೆ ಅರ್ಥ ಕೊಟ್ಟ ಕಂಪನಿ ಅಲ್ಲಿ ತೊಡರುತ್ತದೆ.

ಇತಿಹಾಸ ಏನು ಹೇಳುತ್ತದೆ? 1993ರಲ್ಲಿ ಬೆಂಗಳೂರಿನ ಇನ್ಫೊಸಿಸ್ 95 ರೂಪಾಯಿಯಂತೆ ಷೇರು ನೀಡಿದಾಗ ಬೇಡಿಕೆ ಪೂರ್ತಿ ಬರಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಕೈಹಿಡಿಯಿತು. ಮುಂದೆ ಅಮೆರಿಕದ ಲೆಕ್ಕಪದ್ಧತಿಯಲ್ಲೂ ತನ್ನ ಲೆಕ್ಕ ಪ್ರಕಟಿಸುವುದನ್ನು ರೂಢಿ ಮಾಡಿಕೊಂಡು, 1999ರಲ್ಲಿ ಅದು ನಾಸ್ಡಾಕ್ ಸೇರಿತು. ಭಾರತದಲ್ಲಿ ನೋಂದಾಯಿತ ಕಂಪನಿಗಳಲ್ಲಿ ಅದೇ ಮೊದಲು. ಇನ್ನೊಂದೆಡೆ, 2021ರ ನವೆಂಬರಿನಲ್ಲಿ ಪೇಟಿಎಂ 2,150 ರೂಪಾಯಿ ದರದಲ್ಲಿ 18,300 ಕೋಟಿ ರೂಪಾಯಿ ಎತ್ತಿತು. ಮೊದಲ ದಿನವೇ ಷೇರು ಶೇ 27ರಷ್ಟು ಕುಸಿಯಿತು. ಪೇಟೆಯ ಉತ್ಸಾಹ ಹಣ ತಂದುಕೊಡಬಲ್ಲದು, ಆದರೆ ನಂಬಿಕೆಯನ್ನು ಕಂಪನಿಯೇ ಸಂಪಾದಿಸಬೇಕು.

ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹೇಳಿ, ಎರಡು ವರ್ಷ ಕಾದರೆ ಅವಕಾಶ ತಪ್ಪೀತು ಎನ್ನುವವರಿದ್ದಾರೆ. ಆದರೆ ತೂರುವ ಮೊದಲು ತೆನೆ ಬಡಿದು ಕಾಳು ಬಿಡಿಸಿರಬೇಕಲ್ಲವೆ? ಗಾಳಿಯ ಪ್ರಯೋಜನ ಕಣ ಸಿದ್ಧವಿದ್ದವರಿಗೇ ಹೆಚ್ಚು. ಎರಡನೆಯ ಆಕ್ಷೇಪ, ನಿಯಮಗಳೇ ಸಣ್ಣ ಹೂಡಿಕೆದಾರರನ್ನು ಕಾಯುತ್ತವೆ ಎಂಬುದು. ಮೂರು ವರ್ಷಗಳ ಸರಾಸರಿ ಕಾರ್ಯಾಚರಣೆ ಲಾಭ 15 ಕೋಟಿ ರೂಪಾಯಿ ಮುಟ್ಟದ ಕಂಪನಿ ಶೇ 75ರಷ್ಟು ಷೇರುಗಳನ್ನು ಅರ್ಹ ಸಾಂಸ್ಥಿಕ ಹೂಡಿಕೆದಾರರಿಗೇ ಮೀಸಲಿಡಬೇಕು, ನಿಜ. ಆದರೆ ಮ್ಯೂಚುವಲ್ ಫಂಡ್‌ಗಳೂ ಆ ಸಂಸ್ಥೆಗಳ ಸಾಲಿನಲ್ಲಿವೆ. ಅವುಗಳಲ್ಲಿ ಸಂಬಳದಾರರ ತಿಂಗಳ ಉಳಿತಾಯವೂ ಇದೆ. ಅಲ್ಲದೆ, ಪ್ರಾಸ್ಪೆಕ್ಟಸ್ ಸಲ್ಲಿಕೆಯಾದ ಮಾತ್ರಕ್ಕೆ ಸೆಬಿ ಅನುಮೋದಿಸಿದೆ ಎಂದು ಭಾವಿಸಬಾರದೆಂದು ಆ ದಾಖಲೆಯಲ್ಲೇ ಬರೆದಿರುತ್ತದೆ.

ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುತ್ತಿದ್ದರೆ ದೂರದ ಯೋಚನೆ ಸಾಯುತ್ತದೆ ಎಂಬುದು ಮೂರನೆಯ, ಹೆಚ್ಚು ತೂಕದ ಆಕ್ಷೇಪ. ಜೊಮ್ಯಾಟೊ ಇದಕ್ಕೆ ಉತ್ತರ. 2021ರಲ್ಲಿ 76 ರೂಪಾಯಿಗೆ ನೀಡಿದ ಅದರ ಷೇರು ಮರುವರ್ಷ ಆ ದರಕ್ಕಿಂತ ಬಹಳ ಕೆಳಗಿಳಿದಿತ್ತು. ಆ ವರ್ಷವೇ ಅದು ದಿನಸಿ ತಲುಪಿಸುವ ಬ್ಲಿಂಕಿಟ್ ಕಂಪನಿಯನ್ನು ಕೊಂಡಿತು. 2023ರ ಏಪ್ರಿಲ್–ಜೂನ್‌ನಲ್ಲಿ ಮೊದಲ ಬಾರಿಗೆ 2 ಕೋಟಿ ರೂಪಾಯಿ ಲಾಭ ತೋರಿಸಿತು. ಷೇರುದಾರರಿಗೆ ಪತ್ರಮುಖೇನ ತನ್ನ ಲೆಕ್ಕಾಚಾರ ವಿವರಿಸುತ್ತ ಬಂದ ಕಂಪನಿಗೆ ದೀರ್ಘಕಾಲದ ಹೆಜ್ಜೆ ಅಸಾಧ್ಯವಾಗಲಿಲ್ಲ.

ಹಾಗಾಗಿ ಈ ಎರಡು ದಿನಗಳ ಗೋಷ್ಠಿಗಳಿಂದ ಒಂದು ವೇಳಾಪಟ್ಟಿ ಹೊರಬರಲಿ ಎಂಬುದು ನನ್ನ ಆಶಯ: ಎಂಟು ತ್ರೈಮಾಸಿಕಗಳಲ್ಲಿ ಯಾವಾಗ ಯಾವ ಕೆಲಸ, ಅದಕ್ಕೆ ಯಾರು ಹೊಣೆ ಎಂಬುದು ಅದರಲ್ಲಿರಲಿ. ಕಂಪನಿಯ ಕಚೇರಿಯನ್ನು ಎಂದೂ ಕಾಣದವರು ಅದರ ಮಾತನ್ನಷ್ಟೇ ನಂಬಿ ತಮ್ಮ ಉಳಿತಾಯ ಕೊಡುತ್ತಾರೆ. ಅಂಥವರ ಮುಂದೆ ನಿಲ್ಲಲು ಎರಡು ವರ್ಷದ ಅಭ್ಯಾಸ ಹೆಚ್ಚೇನಲ್ಲ.