ಮಾಗಿಯ ಚಳಿಯಲ್ಲಿ ಮೆಲ್ಲನೆಯ ಓಟ



ಮಾಗಿಯ ಚಳಿ ಕಾಲಿಟ್ಟಿದೆ. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿಯ ಕೊಯ್ಲು ಮುಗಿದು, ಅವರೆಯ ಹೊಲದ ಮೇಲೆ ಇಬ್ಬನಿ ಬಿದ್ದು, ಅದರ ಸೊಗಡು ಊರ ಬಾಗಿಲವರೆಗೂ ಹಬ್ಬುತ್ತಿದೆ. ಉತ್ತರದ ಜಿಲ್ಲೆಗಳಲ್ಲಿ ಹಿಂಗಾರಿಯ ಜೋಳ ತೆನೆಗಟ್ಟುತ್ತಿದೆ. ಬೀದರ, ವಿಜಯಪುರಗಳ ಕಡೆ ಕೆಲವು ಬೆಳಗುಗಳಲ್ಲಿ ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವುದುಂಟು. ಇಂತಹ ಹೊತ್ತಿನಲ್ಲಿ ಕಂಬಳಿಯಿಂದ ಹೊರಬರಲು ಯಾರಿಗೂ ಮನಸ್ಸಾಗದು. ಎದ್ದವರು ಬಚ್ಚಲೊಲೆಯ ಮುಂದೆಯೋ ಬೀದಿಯ ಬೆಂಕಿಯ ಸುತ್ತಲೋ ಕುಳಿತು ಮೈ ಕಾಯಿಸಿಕೊಳ್ಳುವುದು ವಾಡಿಕೆ. ಮೈ ಬೆಚ್ಚಗಾಗಲು ಇನ್ನೊಂದು ಮಾರ್ಗವಿದೆ. ಅದಕ್ಕೆ ಸೌದೆ ಬೇಡ, ಹೊಗೆಯ ಕಾಟವಿಲ್ಲ, ಕಾಸಿನ ಖರ್ಚಿಲ್ಲ. ಗಂಡಹೆಂಡಿರಿಬ್ಬರೂ ಕೂಡಿ, ಮಾತನಾಡುತ್ತ, ಮೆಲ್ಲಮೆಲ್ಲನೆ ಓಡುವುದೇ ಆ ಮಾರ್ಗ.

"ದಿನವಿಡೀ ಹೊಲದಲ್ಲಿ ದುಡಿಯುವ ನಮಗೆ ಓಟವೇಕೆ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ನಮ್ಮ ದುಡಿಮೆಯ ರೀತಿಯನ್ನು ಸ್ವಲ್ಪ ಯೋಚಿಸಿ ನೋಡಿ. ಕೊಯ್ಲಿನ ದಿನಗಳಲ್ಲಿ ಮೈ ಮುರಿಯುವಷ್ಟು ಕೆಲಸ. ಕೊಯ್ಲು ಮುಗಿದ ಮೇಲೆ ವಾರಗಟ್ಟಲೆ ಬಿಡುವು. ಉಳುವುದಕ್ಕೆ ಟ್ರ್ಯಾಕ್ಟರು ಬಂದಿದೆ. ಸಂತೆಗೆ ನಡೆದು ಹೋಗುತ್ತಿದ್ದವರಿಗೆ ಮೋಟಾರು ಸೈಕಲ್ಲು ಬಂದಿದೆ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳು ಈಗ ಪಟ್ಟಣದ ಸೊತ್ತಾಗಿ ಉಳಿದಿಲ್ಲ. ಇನ್ನು ಹೊಲದ ಕೆಲಸವಾದರೋ ಬಹುಪಾಲು ಬಗ್ಗಿ ಮಾಡುವಂಥದು. ಬೆನ್ನು ನೆಟ್ಟಗಾಗಿ, ತೋಳು ಸಡಿಲವಾಗಿ, ಉಸಿರು ಹದವಾಗಿ ಓಡುವ ಚಲನೆ ಆ ದೇಹಕ್ಕೆ ಸಿಗುವುದೇ ಇಲ್ಲ.

ಮೆಲ್ಲನೆಯ ಓಟದ ನಿಜವಾದ ಬೆಲೆ ತಿಳಿಯುವುದು ದಣಿವಿನ ಮರುದಿನ. ಮೂಟೆ ಹೊತ್ತ ಮರುದಿನವೋ, ಬಹುಕಾಲದ ನಂತರ ಕಬಡ್ಡಿ ಆಡಿದ ಮರುದಿನವೋ, ಪೊಲೀಸು ಇಲಾಖೆಯ ಅಥವಾ ಸೈನ್ಯದ ಆಯ್ಕೆಗಾಗಿ ರಭಸದಿಂದ ಓಡಿದ ಮರುದಿನವೋ ತೊಡೆ, ಮೀನಖಂಡಗಳು ನೋಯುತ್ತವೆ. ರೂಢಿಯಿಲ್ಲದ ಶ್ರಮದಿಂದ ಸ್ನಾಯುವಿನ ಎಳೆಗಳಲ್ಲಿ ಅತಿ ಸೂಕ್ಷ್ಮವಾದ ಗಾಯಗಳಾಗುವುದೇ ಇದಕ್ಕೆ ಮುಖ್ಯ ಕಾರಣ. ಒಂದರಿಂದ ಮೂರು ದಿನಗಳವರೆಗೆ ಈ ನೋವು ಹೆಚ್ಚಾಗಿರುತ್ತದೆ. ಆ ಗಾಯಗಳನ್ನು ಮಾಯಿಸುವವು ನಿದ್ರೆ, ಆಹಾರ ಮತ್ತು ಕಾಲ. ಮೆಲ್ಲನೆಯ ಓಟ ಮಾಯಿಸುವ ಔಷಧವಲ್ಲ. ಆದರೆ ಅದು ಸ್ನಾಯುಗಳಿಗೆ ರಕ್ತವನ್ನು ಹರಿಸಿ ಬಿಗಿತವನ್ನು ಸಡಿಲಿಸುತ್ತದೆ, ಹೊಸ ಗಾಯ ಮಾಡುವುದಿಲ್ಲ. ಅದೇ ದಿನ ಮತ್ತೆ ರಭಸದಿಂದ ಓಡಿದರೆ, ಮಾಯುತ್ತಿರುವುದನ್ನು ಕೆದಕಿದಂತೆ. ಎತ್ತುಗಳನ್ನು ಬಲ್ಲ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಭಾರ ಎಳೆದ ಜೋಡಿಯನ್ನು ಮರುದಿನ ಆತನು ಮೇಯಲು ಬಿಟ್ಟು ಅಡ್ಡಾಡಿಸುತ್ತಾನೆಯೇ ಹೊರತು ಮತ್ತೆ ಅಷ್ಟೇ ಭಾರದ ಗಾಡಿಗೆ ಹೂಡುವುದಿಲ್ಲ.

ಈ ಮಾತನ್ನು ಲೋಕಕ್ಕೆ ತಿಳಿಸಿಕೊಟ್ಟವರಲ್ಲಿ ಇಬ್ಬರು ಓಟದ ಗುರುಗಳು ಸ್ಮರಣೀಯರು. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಅವರ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್ 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕ ಗೆದ್ದರು. ಅದೇ ಲಿಡಿಯಾರ್ಡ್ ಅವರು ಆಕ್ಲೆಂಡ್ ನಗರದಲ್ಲಿ ನಡುವಯಸ್ಸಿನವರಿಗೂ ವೃದ್ಧರಿಗೂ ನಿಧಾನದ ಓಟವನ್ನು ರೂಢಿಮಾಡಿಸಿದ್ದರು. ಅಮೆರಿಕೆಯ ಓರೆಗಾನ್ ವಿಶ್ವವಿದ್ಯಾಲಯದ ಓಟದ ಗುರುಗಳಾದ ಬಿಲ್ ಬವರ್‌ಮನ್ 1962ರ ಕೊನೆಯಲ್ಲಿ ಅಲ್ಲಿಗೆ ಹೋದಾಗ ಆ ಗುಂಪಿನೊಡನೆ ಓಡಲು ಹೊರಟರು. ಅವರಿಗೆ ಆಗ 51 ವರ್ಷ. ದಾರಿಯಲ್ಲಿ ಅವರಿಗೆ ಏದುಸಿರು ಬಂತು. ಎಪ್ಪತ್ತು ದಾಟಿದ ವೃದ್ಧರೊಬ್ಬರು ನಿರಾಯಾಸವಾಗಿ ಓಡುತ್ತ ಅವರಿಗೆ ಜೊತೆಯಾಗಿ ಬರಬೇಕಾಯಿತು. ಓಟದ ಗುರುಗಳಿಗೇ ಅದೊಂದು ಪಾಠವಾಯಿತು. ತಾಯ್ನಾಡಿಗೆ ಮರಳಿದ ಬವರ್‌ಮನ್ 1963ರಲ್ಲಿ ತಮ್ಮ ಊರಿನ ಜನಸಾಮಾನ್ಯರಿಗೆ ಮೆಲ್ಲನೆಯ ಓಟವನ್ನು ಕಲಿಸತೊಡಗಿದರು. 1967ರಲ್ಲಿ ಹೃದ್ರೋಗ ತಜ್ಞರೊಬ್ಬರೊಡಗೂಡಿ ಅದರ ಕುರಿತು ಪುಸ್ತಕವನ್ನೂ ಬರೆದರು. ಸ್ಪರ್ಧೆಯ ಓಟಗಾರರಿಗೂ ಅವರ ನಿಯಮ ಒಂದೇ: ಒಂದು ದಿನ ಶ್ರಮ, ಮರುದಿನ ಹಗುರ.

ಹಾಗಾದರೆ ಎಷ್ಟು ನಿಧಾನವಾಗಿ ಓಡಬೇಕು? ಇದಕ್ಕೆ ಗಡಿಯಾರ ಬೇಡ. ಗಂಡ ಹೆಂಡತಿ ಜೊತೆಯಲ್ಲಿ ಓಡುತ್ತಿರುವಾಗ, ನಡುವೆ ಉಸಿರಿಗಾಗಿ ತಡವರಿಸದೆ ಒಂದು ಪೂರ್ಣ ವಾಕ್ಯವನ್ನು ಆಡಲು ಸಾಧ್ಯವಾಗುವಂತಿದ್ದರೆ ಅದೇ ಸರಿಯಾದ ವೇಗ. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ತಿಳಿದು ನಡಿಗೆಗೆ ಇಳಿಯತಕ್ಕದ್ದು. ಇಬ್ಬರಲ್ಲಿ ಯಾರ ಉಸಿರು ಮೊದಲು ಕಟ್ಟುವುದೋ ಅವರದೇ ವೇಗ ಇಬ್ಬರಿಗೂ ಪ್ರಮಾಣ. ಮುಂದೆ ಓಡಿಹೋಗಿ ತಿರುವಿನಲ್ಲಿ ಕಾಯುವುದು ಜೊತೆಯ ಓಟವಲ್ಲ.

ಹೊಸದಾಗಿ ಆರಂಭಿಸುವವರು ಮೊದಲು ಹತ್ತು ನಿಮಿಷ ನಡೆಯಿರಿ. ಚಳಿಯಲ್ಲಿ ಕೀಲು ಸ್ನಾಯುಗಳು ಪೆಡಸಾಗಿರುವುದರಿಂದ ಈ ನಡಿಗೆಯನ್ನು ಬಿಡಲಾಗದು. ಬಳಿಕ ಒಂದು ನಿಮಿಷ ಮೆಲ್ಲನೆ ಓಡಿ, ಎರಡು ನಿಮಿಷ ನಡೆಯಿರಿ. ಹೀಗೆ ಐದಾರು ಸಲವಾದರೆ ಸಾಕು. ಕೊನೆಯಲ್ಲಿ ಮತ್ತೆ ಐದು ನಿಮಿಷ ನಡಿಗೆ. ವಾರಗಳು ಕಳೆದಂತೆ ಓಟವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬಹುದು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ. ಮೈಗೆ ಹಿತವಾದ ನಡಿಗೆಯೂ ಹೊಲದ ದುಡಿಮೆಯೂ ಈ ಲೆಕ್ಕಕ್ಕೆ ಸೇರುತ್ತವೆ.

ಚಳಿಯ ವಿಷಯದಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿ ಹೊಮ್ಮುತ್ತದೆ. ಆದುದರಿಂದ ಹೊರಡುವಾಗ ಸ್ವಲ್ಪ ಚಳಿಯೆನಿಸುವಷ್ಟೇ ಬಟ್ಟೆ ಇರಲಿ. ದಪ್ಪನೆಯ ಒಂದು ಉಡುಪಿಗಿಂತ ತೆಳ್ಳಗಿನ ಎರಡು ಮೇಲು. ಮೈ ಬಿಸಿಯೇರಿದಾಗ ಒಂದನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳಬಹುದು. ಕಿವಿಗೊಂದು ಬಟ್ಟೆ, ಕಾಲಿಗೆ ಹಿಮ್ಮಡಿಯನ್ನು ಹಿಡಿದಿಡುವ ಪಾದರಕ್ಷೆ ಬೇಕು. ಗಾಳಿಯಿದ್ದರೆ ಹೋಗುವಾಗ ಎದುರುಗಾಳಿಗೆ ಹೋಗಿ, ಬರುವಾಗ ಗಾಳಿಯನ್ನು ಬೆನ್ನಿಗೆ ಮಾಡಿಕೊಳ್ಳಿರಿ. ಬೆವರಿದ ಮೈಗೆ ಎದುರುಗಾಳಿ ಒಳ್ಳೆಯದಲ್ಲ. ಮನೆಗೆ ಬಂದೊಡನೆ ಒದ್ದೆ ಬಟ್ಟೆ ಬದಲಾಯಿಸಿ ಒಂದು ಲೋಟ ನೀರು ಕುಡಿಯಿರಿ. ಚಳಿಯಲ್ಲಿ ಬಾಯಾರಿಕೆ ತೋರದಿದ್ದರೂ ದೇಹಕ್ಕೆ ನೀರು ಬೇಕು. ಮಂಜು ದಟ್ಟವಾಗಿದ್ದಾಗ ಡಾಂಬರು ರಸ್ತೆಗೆ ಹೋಗದೆ, ಬೆಳಕು ಹರಿದ ಮೇಲೆ ಹೊಲದ ದಾರಿಯನ್ನೋ ಶಾಲೆಯ ಮೈದಾನವನ್ನೋ ಆರಿಸಿಕೊಳ್ಳಿರಿ.

ಗಂಡಸರಿಗೆ ಒಂದು ಮಾತು. ಬೆಳಗಿನ ಹೊತ್ತು ನೀರು, ಕಸ, ಕೊಟ್ಟಿಗೆ, ಒಲೆ, ಮಕ್ಕಳು ಎಲ್ಲವೂ ಹೆಂಡತಿಯ ಪಾಲಿಗೇ ಇದ್ದರೆ ಆಕೆ ಓಡಲು ಬರುವುದಾದರೂ ಹೇಗೆ? ನೀವು ಎರಡು ಬಿಂದಿಗೆ ನೀರು ತಂದು, ಕೊಟ್ಟಿಗೆಯ ಸಗಣಿ ಬಾಚಿದರೆ ಅರ್ಧ ಗಂಟೆಯ ಬಿಡುವು ತಾನಾಗಿ ಒದಗುತ್ತದೆ. ಊರವರು ನಾಲ್ಕು ದಿನ ನಗಬಹುದು. ಐದನೆಯ ದಿನಕ್ಕೆ ಅವರಿಗೆ ಬೇರೆ ವಿಷಯ ಸಿಗುತ್ತದೆ.

ಜೊತೆಯಲ್ಲಿ ಓಡುವುದರಿಂದ ಇನ್ನೊಂದು ದೊಡ್ಡ ಉಪಯೋಗವಿದೆ. ನಮ್ಮ ಹಳ್ಳಿಗಳಲ್ಲಿ ಗಂಡಸರು ಎದೆನೋವನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಹೆಂಗಸರು ಆಯಾಸವನ್ನು ಹೇಳಿಕೊಳ್ಳುವುದು ಇನ್ನೂ ಅಪರೂಪ. ಆದರೆ ಉಸಿರು ಸುಳ್ಳು ಹೇಳುವುದಿಲ್ಲ. ಹೋದ ವಾರ ಕೆರೆಯ ಏರಿಯನ್ನು ಹತ್ತುವಾಗ ಸರಾಗವಾಗಿ ಮಾತನಾಡುತ್ತಿದ್ದ ಗಂಡ ಈ ವಾರ ಅದೇ ಏರಿಯ ಮೇಲೆ ಮಾತು ನಿಲ್ಲಿಸಿದನೆಂದರೆ, ಅದನ್ನು ಮೊದಲು ಕಾಣುವವಳು ಪಕ್ಕದಲ್ಲಿರುವ ಹೆಂಡತಿ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಸಂಕುಚಿತವಾಗಿ ರಕ್ತದೊತ್ತಡ ಏರುತ್ತದೆ. ಹೃದಯಕ್ಕೆ ಕೆಲಸ ಹೆಚ್ಚಾಗುತ್ತದೆ. ಅಂಥ ಬದಲಾವಣೆ ಕಂಡ ದಿನವೇ ಓಟವನ್ನು ನಿಲ್ಲಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ಎದೆ ಹಿಂಡಿದಂತಾಗಿ ನೋವು ಎಡತೋಳಿಗೋ ದವಡೆಗೋ ಹರಿದು ತಣ್ಣನೆಯ ಬೆವರು ಬಂದರೆ ಒಂದು ಕ್ಷಣವನ್ನೂ ಕಳೆಯದೆ 108ಕ್ಕೆ ಕರೆ ಮಾಡಬೇಕು.

ಹಾಗೆಯೇ, ಸಮತಟ್ಟಾದ ದಾರಿಯಲ್ಲಿ ನಡೆದರೂ ಹೆಂಡತಿಗೆ ಏದುಸಿರು ಬರುತ್ತಿದ್ದರೆ "ನಿನಗೆ ಅಭ್ಯಾಸವಿಲ್ಲ" ಎಂದು ಗಂಡನು ತಳ್ಳಿಹಾಕಬಾರದು. ರಕ್ತಹೀನತೆಯಿರುವವರಿಗೆ ಹೀಗಾಗುವುದು ಸಾಮಾನ್ಯ. ರಕ್ತದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಪ್ರಮಾಣವು 12 ಗ್ರಾಮಿಗಿಂತ, ಗರ್ಭಿಣಿಯರಲ್ಲಿ 11 ಗ್ರಾಮಿಗಿಂತ ಕಡಮೆಯಿದ್ದರೆ ಚಿಕಿತ್ಸೆ ಬೇಕು. ಕಬ್ಬಿಣಾಂಶದ ಮಾತ್ರೆಗಳ ವಿಚಾರವನ್ನು ಆಶಾ ಕಾರ್ಯಕರ್ತೆಯವರಲ್ಲಿ ಕೇಳಿರಿ. ಗರ್ಭಿಣಿಯರಿಗೆ ನಡಿಗೆ ಒಳ್ಳೆಯದು. ಆದರೆ ಓಟವನ್ನು ಹೊಸದಾಗಿ ಆರಂಭಿಸುವ ಕಾಲ ಅದಲ್ಲ. ಹೆರಿಗೆಯಾದವರು ಮೊದಲು ನಡಿಗೆಯಿಂದ ಆರಂಭಿಸಿ, ಮೂರು ತಿಂಗಳಾದರೂ ಕಳೆದ ಮೇಲೆ ವೈದ್ಯರನ್ನು ಕೇಳಿ ಓಡಬಹುದು. ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಗಂಡಸರಾಗಲಿ ಹೆಂಗಸರಾಗಲಿ, ವೈದ್ಯರು ಹೇಳಿದಷ್ಟು ದಿನ ವಿಶ್ರಾಂತಿ ಪಡೆದು ಬಳಿಕ ಹಿಂದಿನಂತೆಯೇ ಓಡಬಹುದು, ದುಡಿಯಬಹುದು. ಅದರಿಂದ ದೇಹದ ಬಲ ಕುಂದುವುದೆಂಬುದು ಕೇವಲ ಭ್ರಮೆ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ, ಹೃದ್ರೋಗ ಅಥವಾ ಮಂಡಿನೋವು ಇರುವವರು ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು. ಉಬ್ಬಸವುಳ್ಳವರಿಗೆ ಒಣ ಚಳಿಗಾಳಿಯಿಂದ ಉಸಿರುಕಟ್ಟು ಹೆಚ್ಚಬಹುದು. ಮೂವತ್ತು ವರ್ಷ ದಾಟಿದವರೆಲ್ಲರೂ ತಮ್ಮ ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳಬೇಕು. ಜ್ವರ ಬಂದಾಗ, ನಿದ್ರೆ ಕೆಟ್ಟಾಗ ಓಡಬೇಡಿರಿ. ಅಂದಿನ ವಿಶ್ರಾಂತಿಯೇ ಅಂದಿನ ವ್ಯಾಯಾಮ.

ಸಂಸಾರದಲ್ಲಿ ಗಂಡಹೆಂಡಿರಿಬ್ಬರೇ ಕೂಡಿ, ಯಾರ ಅಡ್ಡಿಯೂ ಇಲ್ಲದೆ ಮಾತನಾಡಲು ಎಷ್ಟು ಹೊತ್ತು ಸಿಗುತ್ತದೆ? ಮಕ್ಕಳ ಓದು, ಸಾಲದ ಕಂತು, ಇನ್ನೊಂದು ಮಗು ಈಗ ಬೇಕೆ ಬೇಡವೆ ಎಂಬ ಯೋಚನೆ, ಇವು ಒಲೆಯ ಮುಂದೆ, ಅತ್ತೆ ಮಾವಂದಿರ ಎದುರಿನಲ್ಲಿ ಆಡುವ ಮಾತುಗಳಲ್ಲ. ಇಬ್ಬನಿಯ ಹಾದಿಯಲ್ಲಿ, ಬಾಯಿಂದ ಹಬೆಯಾಡುತ್ತಿರುವಾಗ, ಹೆಜ್ಜೆಗೆ ಹೆಜ್ಜೆ ಕೂಡಿಸಿ ಓಡುತ್ತ ಅವನ್ನು ಆಡಬಹುದು. ಬಿಸಿಲೇರುವ ಹೊತ್ತಿಗೆ ಮನೆಗೆ ಬಂದು ಬಿಸಿ ರೊಟ್ಟಿಯನ್ನೋ ಮುದ್ದೆಯನ್ನೋ ಉಣ್ಣುವಾಗ ಅದರ ರುಚಿಯೇ ಬೇರೆ.

ಆದುದರಿಂದ, ನಾಳೆಯ ಬೆಳಗು ಇಬ್ಬರೂ ಒಟ್ಟಿಗೆ ಏಳಿರಿ. ಅವಸರ ಬೇಡ. ಮಾತು ನಿಲ್ಲದಷ್ಟು ನಿಧಾನವಾಗಿ ಓಡಿರಿ. ಒಬ್ಬರ ಉಸಿರನ್ನು ಇನ್ನೊಬ್ಬರು ಆಲಿಸಿರಿ.