ತಕ್ಕಡಿ ಹೇಳದ ತೂಕ



ಭಂಕೂರ, ಶಹಾಬಾದಗಳ ಕಡೆ ಮನೆಯಲ್ಲೊಬ್ಬರು ಕಾಯಿಲೆ ಬಿದ್ದರೆ ನಂಟರು ಮೊದಲು ಕೇಳುವುದು, "ತೂಕ ಎಷ್ಟು ಇಳಿಯಿತು?" ಎಂದು. ಪ್ರಶ್ನೆ ಸಹಜವಾದದ್ದೇ. ಆದರೆ ಯಕೃತ್ತಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಗಬೇಕಾದವರ ವಿಷಯದಲ್ಲಿ ಅದೊಂದೇ ಸಾಲದು. ಆ ತೂಕದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ನೀರು ಎಷ್ಟು ಎಂಬುದನ್ನೂ ವಿಚಾರಿಸಬೇಕಾಗುತ್ತದೆ.

ಯಕೃತ್ತು ವಿಲಕ್ಷಣವಾದ ಅಂಗ. ಅದು ಆರೋಗ್ಯವಾಗಿದ್ದಲ್ಲಿ, ಮೂರರಲ್ಲಿ ಎರಡು ಪಾಲನ್ನು ತೆಗೆದರೂ ಉಳಿದ ಭಾಗ ಬೆಳೆದುಕೊಳ್ಳಬಲ್ಲದು. ಆದರೆ ಕ್ಯಾನ್ಸರು ತಗುಲಿದ ಯಕೃತ್ತು ಅನೇಕ ವೇಳೆ ಮೊದಲೇ ಗಡುಸಾಗಿ ಬಳಲಿರುತ್ತದೆ. ಶಸ್ತ್ರಚಿಕಿತ್ಸೆಯ ಮರುದಿನಗಳಲ್ಲಿ ರೋಗಿ ಸರಿಯಾಗಿ ಉಣ್ಣಲಾರ. ಗಾಯ ಮಾಯಲು, ಸೋಂಕಿನೊಡನೆ ಹೋರಾಡಲು ಬೇಕಾದ ಪ್ರೋಟೀನನ್ನು ದೇಹವು ಆಗ ಸ್ನಾಯುವೆಂಬ ಕಣಜದಿಂದಲೇ ತೆಗೆಯುತ್ತದೆ. ಕಣಜ ಬರಿದಾಗಿದ್ದವರಲ್ಲಿ ಸೋಂಕು, ಯಕೃತ್ತಿನ ವೈಫಲ್ಯ ಮೊದಲಾದ ತೊಡಕುಗಳು ಹೆಚ್ಚೆಂದು ವೈದ್ಯರು ಕಂಡುಕೊಂಡಿದ್ದಾರೆ. ಸ್ನಾಯು ಕರಗಿ ಹೊಟ್ಟೆಯೊಳಗೆ ಕೊಬ್ಬು ತುಂಬಿದ್ದರಂತೂ ಕಷ್ಟ ಇಮ್ಮಡಿ.

ತಕ್ಕಡಿ ಇದನ್ನು ತೋರಿಸದು. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ತಮ್ಮನ್ನೇ ಅಳೆದುಕೊಂಡು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರಿಗೂ 22.3. ಕೊಬ್ಬಿನ ಪ್ರಮಾಣವೋ, ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ 21.2! ತೆಳ್ಳಗೆ ಕಾಣುವ ಭಾರತೀಯನ ಗುಟ್ಟು ಇದು. ಯಕೃತ್ತಿನ ರೋಗದಲ್ಲಿ ಇನ್ನೊಂದು ಮೋಸವುಂಟು: ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ತೋಳು ತೊಡೆ ಸೊರಗಿದರೂ ತಕ್ಕಡಿಯ ಮುಳ್ಳು ಕದಲುವುದಿಲ್ಲ. ನಿಜವನ್ನು ಹೇಳುವುದು ಸಿ.ಟಿ. ಚಿತ್ರ. ಗಡ್ಡೆಯನ್ನು ನೋಡಲೆಂದು ತೆಗೆದ ಅದೇ ಚಿತ್ರದಲ್ಲಿ, ಸೊಂಟದ ಮೂರನೆಯ ಮೂಳೆಯ ಮಟ್ಟದಲ್ಲಿ ಸ್ನಾಯುವನ್ನೂ ಅಳೆಯಬಹುದು.

ಹಾಗೆಂದು ಸ್ನಾಯು ಕಡಿಮೆಯಾದವರು ಚಿಕಿತ್ಸೆಯ ಆಸೆ ಬಿಡಬೇಕಾಗಿಲ್ಲ. ಗಡ್ಡೆಯನ್ನು ಕಾಯಿಸುವುದೂ ಸಲ್ಲದು. ಶಸ್ತ್ರಚಿಕಿತ್ಸೆಗೆ ಮುಂಚಿನ ಕೆಲವು ವಾರಗಳನ್ನು ವ್ಯರ್ಥಮಾಡದಿರುವುದೇ ಮುಖ್ಯ. ನಮ್ಮಲ್ಲಿ ಯಕೃತ್ತಿನ ರೋಗವೆಂದೊಡನೆ ಬೇಳೆ, ಹಾಲು, ಮೊಟ್ಟೆಗಳನ್ನು ಬಿಡಿಸಿ ಗಂಜಿಯ ಪಥ್ಯಕ್ಕೆ ಇಳಿಸುವುದುಂಟು. ಇಂದಿನ ವೈದ್ಯಕೀಯದ ಸಲಹೆ ಬೇರೆ: ದೇಹದ ತೂಕದ ಒಂದೊಂದು ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಸಲ್ಲಬೇಕು. ರಾತ್ರಿ ಮಲಗುವ ಮುನ್ನ ತುಸು ಆಹಾರವಿರಬೇಕು. ನೀಳವಾದ ಉಪವಾಸ ಸ್ನಾಯುವನ್ನೇ ತಿನ್ನುತ್ತದೆ. ವೈದ್ಯರು ಒಪ್ಪಿದಷ್ಟು ನಡೆದಾಟವೂ ಬೇಕು. ನಮ್ಮ ಸೀಮೆಯ ತೊಗರಿ ಬೇಳೆಯಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನು ಇದೆ. ರೋಗಿಯ ತಟ್ಟೆಯಿಂದ ಅದನ್ನು ಕಿತ್ತುಕೊಳ್ಳುವ ಮುನ್ನ ವೈದ್ಯರನ್ನು ಒಂದು ಮಾತು ಕೇಳುವುದು ಲೇಸು.