ಕಿಡ್ನಿಯ ನೀರುಗುಳ್ಳೆ: ಬೇರು ಎಲ್ಲಿದೆ?

"ಅಪ್ಪನಿಗೆ ಎರಡೂ ಕಿಡ್ನಿ ತುಂಬ ನೀರುಗುಳ್ಳೆ. ನಮಗೂ ಬರುತ್ತಾ? ಬೋರ್‌ವೆಲ್ ನೀರು ಬಿಟ್ಟರೆ ತಪ್ಪುತ್ತಾ?" ನಿಟ್ಟೂರು, ಗುಬ್ಬಿ, ಕುಣಿಗಲ್ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇದೆ. ಈ ಕಾಯಿಲೆ ನೀರಿನಿಂದ ಬರುವುದಲ್ಲ. ಪಾವಗಡ, ಶಿರಾ ಕಡೆಯ ಫ್ಲೋರೈಡ್ ನೀರು ಹಲ್ಲು, ಮೂಳೆ ಕೆಡಿಸುತ್ತದೆ. ಆ ಸಂಕಟವೇ ಬೇರೆ. ಮನೆತನದಲ್ಲಿ ಇಳಿದುಬರುವ ಈ ಗುಳ್ಳೆಗಳಿಗೆ ಹೆಚ್ಚಾಗಿ ಪಿಕೆಡಿ-1, ಪಿಕೆಡಿ-2 ಎಂಬ ಜೀನ್‌ಗಳ ದೋಷ ಕಾರಣ.

ಈ ದೋಷ ಗುಳ್ಳೆಯಾಗುವುದು ಹೇಗೆಂದು ತಿಳಿಯಲು ಕೋಶವನ್ನೇ ನೋಡಬೇಕು. ಕಿಡ್ನಿಯ ಸಣ್ಣ ನಾಳಗಳ ಒಳಗೋಡೆಯ ಕೋಶಗಳಿಗೆ ಕೂದಲಿನಂಥ ಸಿಲಿಯಾ ಇದೆ. ಸುತ್ತಲಿನ ಸುದ್ದಿಯನ್ನು ಅದು ಕೋಶಕ್ಕೆ ಮುಟ್ಟಿಸುತ್ತದೆ. ಅದರ ಬುಡವನ್ನು ಹಿಡಿದಿರುವುದು ಸೆಂಟ್ರಿಯೋಲ್. ಕೋಶ ಎರಡಾಗುವಾಗ ಎರಡು ತುದಿಗಳಲ್ಲಿ ಬೇಕಾಗುವುದೂ ಸೆಂಟ್ರಿಯೋಲೇ. ಗಾಡಿಗೂ ನೇಗಿಲಿಗೂ ಒಂದೇ ಜೋಡಿ ಎತ್ತು ಇದ್ದ ಹಾಗೆ: ಗಾಡಿ ಬಿಚ್ಚದೆ ನೇಗಿಲು ಹೂಡಲಾಗದು. ಕೋಶವೂ ಮೊದಲು ಸಿಲಿಯಾವನ್ನು ಒಳಗೆಳೆದುಕೊಳ್ಳುತ್ತದೆ, ಆಮೇಲೆ ಒಡೆಯುತ್ತದೆ. ಮತ್ತೆ ಹೇಳುತ್ತೇನೆ, ಕೂದಲು ನಿಂತಿದ್ದರೆ ವಿಭಜನೆ ಇಲ್ಲ, ವಿಭಜನೆಯಾಗಬೇಕಾದರೆ ಕೂದಲು ಹೋಗಬೇಕು. ಕೆರೆಯ ಹಸಿರು ನೀರಿನಲ್ಲಿ ಸಿಗುವ ಕ್ಲಾಮಿಡೋಮೊನಾಸ್ ಪಾಚಿಯಲ್ಲೂ ಇದೇ ಕ್ರಮ. ಕಶಾಂಗವೆಂಬ ಎರಡು ಉದ್ದ ಸಿಲಿಯಾ ಬೀಸಿ ಈಜುವ ಆ ಜೀವಿ, ಒಡೆಯುವ ಮುನ್ನ ಎರಡನ್ನೂ ಒಳಗೆಳೆದುಕೊಳ್ಳುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಈ ವಿಷಯ ನನ್ನನ್ನು ಹಿಡಿದುಕೊಂಡದ್ದು.

ಕೂದಲು ಮತ್ತು ವಿಭಜನೆ ಎರಡರಲ್ಲೂ ಕೈಯಿರುವ ಪ್ರೋಟೀನುಗಳಲ್ಲಿ ನೆಕ್ ಕೈನೇಸ್ ಕುಟುಂಬವೂ ಒಂದು. ಅಮೆರಿಕದ ವಿಜ್ಞಾನಿ ರೊನಾಲ್ಡ್ ಮಾರಿಸ್ 1970ರ ದಶಕದಲ್ಲಿ ಆಸ್ಪರ್‌ಜಿಲಸ್ ನಿಡುಲನ್ಸ್ ಎಂಬ ಬೂಷ್ಟಿನಲ್ಲಿ ಇದರ ಮೊದಲ ಸುಳಿವು ಕಂಡರು. ನಮ್ಮ ಕೊಬ್ಬರಿಗೆ ಹಿಡಿಯುವ ಬೂಷ್ಟಿನಲ್ಲೂ ಅದರ ದಾಯಾದಿಗಳಿವೆ. ನೆಕ್ ಜೀನ್ ಕೆಟ್ಟಾಗ ಬೂಷ್ಟಿನ ಕೋಶ ವಿಭಜನೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಸಿಲಿಯಾ ಇಲ್ಲದ ಆ ಬೂಷ್ಟಿಗೆ ಒಂದೇ ನೆಕ್ ಜೀನ್ ಸಾಕು. ಮನುಷ್ಯರಿಗೆ 11. ಮೈತುಂಬ ಸಿಲಿಯಾ ಹೊತ್ತ ಟೆಟ್ರಾಹೈಮೀನಾ ಎಂಬ ಏಕಕೋಶಿಗೆ ಇನ್ನೂ ಹೆಚ್ಚು. ಬೂಷ್ಟು, ಪಾಚಿ, ಮನುಷ್ಯ ಎಲ್ಲರಿಗೂ ಪೂರ್ವಜನಾದ ಕೋಶಕ್ಕೆ ಸಿಲಿಯಾ ಇತ್ತು, ಈ ಕುಟುಂಬದ ಹಲವು ಕವಲುಗಳೂ ಆಗಲೇ ಇದ್ದವು. ನೂರು ಕೋಟಿ ವರ್ಷಗಳಿಗೂ ಹಿಂದಿನ ಏರ್ಪಾಡು ಇದು. ಮತ್ತೆ ಕಿಡ್ನಿಗೆ ಬರೋಣ. ನೆಕ್-1 ಅಥವಾ ನೆಕ್-8 ಕೆಟ್ಟ ಇಲಿಗಳ ಕಿಡ್ನಿಯಲ್ಲಿ ಗುಳ್ಳೆಗಳು ತುಂಬುತ್ತವೆ. ಪಿಕೆಡಿ ಪ್ರೋಟೀನುಗಳ ನೆಲೆಯೂ ಸಿಲಿಯಾವೇ. ಅಲ್ಲಿಂದ ಬರುವ ಸುದ್ದಿ ಏರುಪೇರಾದರೆ ಕೋಶಗಳು ಅಳತೆ ಮೀರಿ ಹೆಚ್ಚುತ್ತವೆ, ನಾಳ ಉಬ್ಬಿ ಗುಳ್ಳೆಯಾಗುತ್ತದೆ.

ಬಾಳೆದಿಂಡಿನ ರಸಕ್ಕೆ ಗುಳ್ಳೆ ಕರಗುತ್ತದೆ ಎನ್ನುವವರ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಕರಗುವುದಿಲ್ಲ. ಇದು ಸೊಸೆ ತಂದ ದೋಷ ಎನ್ನುವುದಂತೂ ಶುದ್ಧ ಅನ್ಯಾಯ. ತಂದೆ, ತಾಯಿ ಯಾರಿಂದಲಾದರೂ ಬರಬಹುದು. ಒಬ್ಬರಿಗಿದ್ದರೆ ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ವಯಸ್ಸಾದವರಿಗೆ ಸ್ಕ್ಯಾನಿನಲ್ಲಿ ಒಂದೆರಡು ಗುಳ್ಳೆ ಕಂಡರೆ ಗಾಬರಿ ಬೇಡ, ಸಾಮಾನ್ಯವಾಗಿ ಅದು ಈ ಕಾಯಿಲೆಯಲ್ಲ.

ಮನೆಯಲ್ಲಿ ಈ ಕಾಯಿಲೆ ಇದ್ದರೆ ಡಾಕ್ಟರರನ್ನು ಕೇಳಿ ಸ್ಕ್ಯಾನ್ ಮಾಡಿಸಿ. ನೋವಿನ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಬಿ.ಪಿ. ತಪ್ಪದೆ ನೋಡಿಸಿಕೊಳ್ಳಿ, ಕಿಡ್ನಿ ಉಳಿಸಿಕೊಳ್ಳಲು ಅದು ಹತೋಟಿಯಲ್ಲಿರಲೇಬೇಕು.